ಓದುಗರ ಪ್ರಶ್ನೆ, ವೈದ್ಯರ ಉತ್ತರ: ದವಡೆಯ ಕೀಲಿನ ನೋವು ಮೈಗೆಲ್ಲ ಹರಡಿದಾಗ

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಕೊಟ್ಟ ಉತ್ತರವನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಹಲ್ಲಿನ ಬಗ್ಗೆ ಅಲ್ಲ, ದವಡೆಯ ಕೀಲಿನ ಬಗ್ಗೆ. ದಾವಣಗೆರೆಯ ಶಿಕ್ಷಕಿಯೊಬ್ಬರ ಪತ್ರಕ್ಕೆ ಈ ಬಾರಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಅವರು ಕೇಳಿದ್ದನ್ನೇ ಬೇರೆ ಬೇರೆ ಮಾತುಗಳಲ್ಲಿ ಇನ್ನೂ ಏಳೆಂಟು ಜನ ಕೇಳಿದ್ದಾರೆ.

ಪ್ರಶ್ನೆ: ನನಗೆ 41 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮೂರು ವರ್ಷದ ಹಿಂದೆ ಆಕಳಿಸುವಾಗ ಬಲಗಿವಿಯ ಮುಂದೆ ‘ಲಟಕ್’ ಎಂದು ಶಬ್ದ ಬರತೊಡಗಿತು. ಆಮೇಲೆ ಬೆಳಗ್ಗೆ ಏಳುವಾಗ ದವಡೆ ಬಿಗಿದುಕೊಂಡಿರುವುದು, ಕಣತಲೆ ನೋವು, ಕಿವಿ ಕಟ್ಟಿದಂತಾಗುವುದು ಶುರುವಾಯಿತು. ಕಿವಿಯ ವೈದ್ಯರು ಕಿವಿ ಚೆನ್ನಾಗಿದೆ ಎಂದರು. ಹಲ್ಲಿನ ವೈದ್ಯರೊಬ್ಬರು ಎರಡು ಹಲ್ಲಿಗೆ ರೂಟ್ ಕೆನಾಲ್ ಮಾಡಿದರು, ಇನ್ನೊಬ್ಬರು ಬುದ್ಧಿಹಲ್ಲು ಕಿತ್ತರು, ನೋವು ಹಾಗೆಯೇ ಉಳಿಯಿತು. ಈಗ ಒಂದು ವರ್ಷದಿಂದ ಕತ್ತು, ಭುಜ, ಸೊಂಟ, ಮೀನಖಂಡ ಎಲ್ಲವೂ ನೋಯುತ್ತವೆ, ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗೆ ಅನಿಸುವುದಿಲ್ಲ. ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಮನೆಯವರು ಇದು ಮನಸ್ಸಿನದು ಎನ್ನುತ್ತಾರೆ. ಇದು ಒಂದು ಕಾಯಿಲೆಯೋ, ಹಲವು ಕಾಯಿಲೆಗಳೋ? ನಿಜವಾಗಿಯೂ ಮನಸ್ಸಿನದೇ? ನನ್ನ ಕಚ್ಚುವಿಕೆ (ಮೇಲಿನ, ಕೆಳಗಿನ ಹಲ್ಲುಗಳು ಒಂದಕ್ಕೊಂದು ಕೂರುವ ರೀತಿ) ಸರಿಯಿಲ್ಲ, 14 ಹಲ್ಲುಗಳಿಗೆ ಕ್ಯಾಪ್ ಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬ ವೈದ್ಯರು ಹೇಳಿದ್ದಾರೆ. ಮುಂದಿನ ತಿಂಗಳು ಮುಂಗಡ ಕಟ್ಟಬೇಕು. ಹಾಕಿಸಿಕೊಳ್ಳಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಗಡುವಿದೆ. ಮುಂಗಡ ಕಟ್ಟಬೇಡಿ. ಕ್ಯಾಪ್ ಹಾಕಬೇಕಾದರೆ ಗಟ್ಟಿಯಾಗಿರುವ ಹಲ್ಲನ್ನು ಸುತ್ತಲೂ ತೇಯಬೇಕು. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನೀವು ವಿವರಿಸಿರುವ ನೋವಿಗೆ ಆ ಹಲ್ಲುಗಳು ಕಾರಣವಾಗಿರುವ ಸಂಭವ ಬಹಳ ಕಡಿಮೆ.

ಹೀಗೆ ಹೇಳಲು ಕಾರಣವೇನೆಂದು ತಿಳಿಯಬೇಕಾದರೆ ಕೀಲಿನ ರಚನೆ ಸ್ವಲ್ಪ ಗೊತ್ತಿರಬೇಕು. ಎರಡೂ ತೋರುಬೆರಳುಗಳನ್ನು ಕಿವಿಯ ಮುಂಭಾಗದಲ್ಲಿ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆಯಿರಿ. ಮೊದಲು ಬೆರಳ ಕೆಳಗೆ ಗುಂಡನೆಯ ಮೂಳೆಯೊಂದು ಇದ್ದಲ್ಲೇ ತಿರುಗಿದಂತೆ ಆಗುತ್ತದೆ, ಬಾಯಿ ಅರ್ಧ ತೆರೆದ ಮೇಲೆ ಅದೇ ಮೂಳೆ ಮುಂದಕ್ಕೆ ಜಾರುತ್ತದೆ. ಬಾಗಿಲ ಕೀಲಿನಂತೆ ತಿರುಗುವುದು, ಮೇಜಿನ ಡ್ರಾಯರಿನಂತೆ ಜಾರುವುದು, ಎರಡನ್ನೂ ಒಟ್ಟಿಗೆ ಮಾಡುವ ಈ ಕೀಲಿನ ಎರಡು ಮೂಳೆಗಳ ನಡುವೆ ತೆಳುವಾದ ಮೆತ್ತೆಯೊಂದಿದೆ. ಆ ಮೆತ್ತೆ ತುಸು ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ಮೂಳೆ ಅದರ ಅಂಚನ್ನು ಹತ್ತಿ ಮತ್ತೆ ಅದರಡಿಗೆ ಸೇರಿಕೊಳ್ಳುತ್ತದೆ. ನಿಮಗೆ ಕೇಳಿಸುವ ‘ಲಟಕ್’ ಶಬ್ದ ಅದೇ. ಇದನ್ನೆಲ್ಲ ಆಡಿಸುವವು ಕೆನ್ನೆಯ, ಕಣತಲೆಯ ಮತ್ತು ದವಡೆಯ ಒಳಮಗ್ಗುಲಿನ ಸ್ನಾಯುಗಳು. ನನ್ನ ಬಳಿ ಬರುವ ದವಡೆ ನೋವಿನವರಲ್ಲಿ ಹೆಚ್ಚಿನವರಿಗೆ ನೋವು ಇರುವುದು ಮೂಳೆಯಲ್ಲೂ ಅಲ್ಲ, ಮೆತ್ತೆಯಲ್ಲೂ ಅಲ್ಲ, ಈ ಸ್ನಾಯುಗಳಲ್ಲಿ.

ಸ್ನಾಯುವಿನ ನೋವಿಗೆ ಒಂದು ಕೆಟ್ಟ ಗುಣವಿದೆ. ಅದು ತಾನಿರುವ ಜಾಗವನ್ನು ಬಿಟ್ಟು ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಕೆನ್ನೆಯ ಸ್ನಾಯು ನೊಂದರೆ ಅದು ಕೆಳಗಿನ ದವಡೆಹಲ್ಲಿನ ನೋವಿನಂತೆಯೂ ಕಿವಿನೋವಿನಂತೆಯೂ ತೋರಬಹುದು, ಕಣತಲೆಯ ಸ್ನಾಯು ನೊಂದರೆ ಮೇಲಿನ ಹಲ್ಲು ನೋಯಬಹುದು. ನಿಮ್ಮ ಆ ಎರಡು ಹಲ್ಲುಗಳಲ್ಲಿ ಹುಳುಕು ಇತ್ತೋ ಇಲ್ಲವೋ ಪತ್ರದಿಂದ ಹೇಳಲಾರೆ. ಆದರೆ ರೂಟ್ ಕೆನಾಲ್ ಆದ ಮೇಲೂ ನೋವು ಅದೇ ಜಾಗದಲ್ಲಿ, ಅದೇ ರೀತಿ ಉಳಿದಿದೆ ಎಂದರೆ ಹಲ್ಲು ತಾನು ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದೆ ಎಂದೇ ಅನುಮಾನಿಸಬೇಕು. ಇದನ್ನು ಗುರುತಿಸಲು ದುಬಾರಿ ಸ್ಕ್ಯಾನ್ ಬೇಕಾಗುವುದು ಅಪರೂಪ. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ವೈದ್ಯರು ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಸುಮಾರು ಒಂದು ಕಿಲೊ ತೂಕದಷ್ಟು ಒತ್ತಡದಿಂದ ಬೆರಳಿನಲ್ಲಿ ಒತ್ತಿ, ‘ನಿಮಗೆ ದಿನವೂ ಕಾಡುವ ನೋವು ಇದೇನಾ’ ಎಂದು ಕೇಳಬೇಕು. ಆ ಒಂದು ಕಿಲೊ ಒತ್ತಡ ಕೈಗೆ ಹತ್ತಲೆಂದು ನನ್ನ ವಿದ್ಯಾರ್ಥಿಗಳಿಂದ ಅಡುಗೆಮನೆಯ ತಕ್ಕಡಿಯ ಮೇಲೆ ಬೆರಳೊತ್ತಿಸಿ ಅಭ್ಯಾಸ ಮಾಡಿಸುತ್ತೇನೆ. ನಿಮ್ಮ ಮೂರು ವರ್ಷದ ಓಡಾಟದಲ್ಲಿ ಯಾರಾದರೂ ಹಾಗೆ ಬೆರಳಿಟ್ಟು ಒತ್ತಿ ನೋಡಿದರೇ? ಪತ್ರದಲ್ಲಿ ಅದರ ಉಲ್ಲೇಖವಿಲ್ಲ.

ಹಾಗಾದರೆ ಕಚ್ಚುವಿಕೆಯ ಮಾತು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಹಿಂದಿನ ಹಲ್ಲುಗಳು ಬಿದ್ದು ದವಡೆ ಅತಿಯಾಗಿ ಮುಚ್ಚಿಕೊಳ್ಳುವುದರಿಂದ ಕಿವಿಯ ಸುತ್ತ ಒತ್ತಡ ಬಿದ್ದು ನೋವು ಬರುತ್ತದೆ ಎಂದು ಬರೆದರು. ಅವರು ಕೊಟ್ಟ ಅಂಗರಚನೆಯ ವಿವರಣೆ ತಪ್ಪೆಂದು ಮುಂದೆ ತಿಳಿಯಿತು. ಆದರೂ ಹಲ್ಲುಗಳ ಕಚ್ಚುವಿಕೆಯನ್ನು ತಿದ್ದಿದರೆ ನೋವು ಹೋಗುತ್ತದೆ ಎಂಬ ನಂಬಿಕೆ ದಂತವೈದ್ಯರಲ್ಲಿ ದಶಕಗಳ ಕಾಲ ಉಳಿಯಿತು. ಬೇರೆಯವರನ್ನು ದೂರಿ ಪ್ರಯೋಜನವಿಲ್ಲ. ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ನಾನೂ ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲೆಲ್ಲ ಹಲ್ಲು ತೇಯ್ದಿದ್ದೇನೆ. ಹಾಗೆ ತೇಯಿಸಿಕೊಂಡ ಒಬ್ಬ ಹೆಂಗಸು ಆರು ತಿಂಗಳ ನಂತರ ಬಂದು, ‘ಡಾಕ್ಟ್ರೇ, ಈಗ ನೋವೂ ಇದೆ, ಹಲ್ಲು ಎಲ್ಲಿ ಕೂರಬೇಕೆಂಬುದೂ ಗೊತ್ತಾಗುತ್ತಿಲ್ಲ’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಜಗತ್ತಿನ ಹಲ್ಲುಗಳಲ್ಲಿ ಪುಸ್ತಕದಲ್ಲಿ ಬರೆದಂತೆ ಕಚ್ಚುವ ಜೋಡಿ ಸಿಗುವುದೇ ಕಷ್ಟ. ವಕ್ರಹಲ್ಲಿದ್ದೂ ಒಂದು ದಿನವೂ ದವಡೆ ನೋಯದವರು ನಿಮ್ಮ ತರಗತಿಯಲ್ಲೇ ಹತ್ತಾರು ಮಂದಿ ಇರುತ್ತಾರೆ.

ಇನ್ನು ಇದು ಒಂದು ಕಾಯಿಲೆಯೋ ಹಲವೋ ಎಂಬ ಪ್ರಶ್ನೆ. ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಕೇಂದ್ರವು ಮಿದುಳಿನ ಕಾಂಡದಿಂದ ಕೆಳಗಿಳಿದು ಕತ್ತಿನ ಮೇಲ್ಭಾಗದ ಬೆನ್ನುಹುರಿಯವರೆಗೆ ಚಾಚಿಕೊಂಡಿದೆ. ಕತ್ತಿನ ಮೊದಲ ಮೂರು ನರಗಳ ಸುದ್ದಿಯೂ ಅಲ್ಲಿಗೇ ಬಂದು ಸೇರುತ್ತದೆ. ಹೀಗಾಗಿ ದವಡೆ ನೊಂದವರಿಗೆ ಕತ್ತು ನೋಯುವುದು, ಕತ್ತು ಹಿಡಿದವರಿಗೆ ಕಣತಲೆ ಸಿಡಿಯುವುದು ಸಹಜ. ಆದರೆ ಸೊಂಟಕ್ಕೂ ಮೀನಖಂಡಕ್ಕೂ ಈ ದಾರಿ ಹೋಗುವುದಿಲ್ಲ. ಅದಕ್ಕೆ ಇನ್ನೊಂದು ವಿವರಣೆ ಬೇಕು.

ನೋವಿನ ಸಂಕೇತಗಳು ಬಹುಕಾಲ ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಸೂಕ್ಷ್ಮವಾಗುತ್ತವೆ ಎಂಬುದನ್ನು 1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಕಳ್ಳ ಬಂದುಹೋದ ರಾತ್ರಿಯ ನಂತರ ಹಟ್ಟಿಯ ನಾಯಿ ತೆಂಗಿನ ಗರಿ ಅಲುಗಿದರೂ ಬೊಗಳುವುದಿಲ್ಲವೇ? ಬೊಗಳುವುದು ಸುಳ್ಳಲ್ಲ, ಮನೆಮಂದಿಯ ನಿದ್ದೆ ಕೆಡುವುದೂ ಸುಳ್ಳಲ್ಲ, ಅಂಗಳದಲ್ಲಿ ಕಳ್ಳ ಇಲ್ಲ ಅಷ್ಟೆ. ನಿಮ್ಮ ಎಕ್ಸ್‌ರೇ ಅಂಗಳವನ್ನು ನೋಡಿ ಬಂದಿದೆ, ನಾಯಿಯನ್ನು ನೋಡಿಲ್ಲ. ಗಾಯವೂ ನರದ ಹಾನಿಯೂ ಎದ್ದು ಕಾಣದೆ, ನೋವಿನ ವ್ಯವಸ್ಥೆಯೇ ಬದಲಾಗಿ ಬರುವ ಇಂಥ ನೋವಿಗೆ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2017ರಲ್ಲಿ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ಮೈತುಂಬ ನೋವು ಬರುವ ಫೈಬ್ರೊಮಯಾಲ್ಜಿಯ, ಹೊಟ್ಟೆಯ ಇರಿಟಬಲ್ ಬವೆಲ್, ಮೈಗ್ರೇನ್, ದವಡೆ ನೋವು ಇವು ಒಬ್ಬರಲ್ಲೇ ಜೊತೆಯಾಗಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ ಎಂದು ಈಗ ತಿಳಿದಿದೆ.

ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಅಮೆರಿಕದ ನಾಲ್ಕು ಕೇಂದ್ರಗಳಲ್ಲಿ ನಡೆದ ‘ಒಪ್ಪೆರಾ’ ಎಂಬ ದೊಡ್ಡ ಅಧ್ಯಯನದಲ್ಲಿ, ದವಡೆ ನೋವೇ ಇಲ್ಲದ ಸುಮಾರು 2,700 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ 260 ಮಂದಿಗೆ ಹೊಸದಾಗಿ ದವಡೆ ನೋವು ಬಂತು. ಮೈಯ ಬೇರೆ ಭಾಗಗಳಲ್ಲಿ ಆಗಲೇ ನೋವುಗಳಿದ್ದವರಿಗೆ, ನಿದ್ದೆ ಕೆಟ್ಟಿದ್ದವರಿಗೆ, ದೇಹದಲ್ಲಿ ನಾನಾ ಬಗೆಯ ತೊಂದರೆಗಳನ್ನು ಹೇಳುತ್ತಿದ್ದವರಿಗೆ ಅದು ಹೆಚ್ಚಾಗಿ ಬಂತು. ಅಂದರೆ ಎಷ್ಟೋ ಮಂದಿಗೆ ನೋವು ದವಡೆಯಿಂದ ಮೈಗೆ ಹರಡಿರುವುದಿಲ್ಲ. ಮೈಯಲ್ಲಿ ಹೊಗೆಯಾಡುತ್ತಿದ್ದದ್ದು ದವಡೆಯಲ್ಲಿ ಮೊದಲು ಉರಿದಿರುತ್ತದೆ. ದವಡೆ ಶಬ್ದ ಮಾಡುವ ಮೊದಲು ನಿಮ್ಮ ನಿದ್ದೆ ಹೇಗಿತ್ತು, ಮುಟ್ಟಿನ ಸಮಯದ ನೋವು, ತಲೆನೋವು ಎಷ್ಟಿದ್ದವು ಎಂದು ನೆನಪಿಸಿಕೊಂಡು ಬರೆದಿಟ್ಟುಕೊಳ್ಳಿ. ನಿಮ್ಮನ್ನು ನೋಡುವ ವೈದ್ಯರಿಗೆ ಆ ಒಂದು ಪುಟ ಹತ್ತು ರಿಪೋರ್ಟುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮನಸ್ಸಿನದೇ ಎಂಬ ಪ್ರಶ್ನೆಗೆ ಇಷ್ಟರಲ್ಲಿ ಉತ್ತರ ಸಿಕ್ಕಿರಬೇಕು. ಚಿಂತೆ, ದುಃಖ, ದಣಿವು ನಾಯಿಯನ್ನು ಇನ್ನಷ್ಟು ಬೊಗಳಿಸುತ್ತವೆ ನಿಜ, ಆದರೆ ಅದರಿಂದ ನೋವು ಕಲ್ಪನೆಯಾಗುವುದಿಲ್ಲ. ಮನೆಯವರಿಗೆ ಈ ಭಾಗವನ್ನು ಓದಿಸಿ.

ಈಗ ಮಾಡಬೇಕಾದದ್ದು. ಮೈತುಂಬ ನೋವಿಗೆ ಫಿಸಿಶಿಯನ್ ಒಬ್ಬರನ್ನು ಕಾಣಿ. ಥೈರಾಯ್ಡ್, ವಿಟಮಿನ್ ಡಿ, ಬಿ12, ಕೀಲುವಾತದ ಪರೀಕ್ಷೆಗಳು ಆಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಕೀಲುವಾತ ದವಡೆಯ ಕೀಲಿಗೂ ಬರುತ್ತದೆ. ಇವೆಲ್ಲ ಸರಿಯಿದ್ದು, ನೋವು ಮೂರು ತಿಂಗಳಿಗಿಂತ ಹೆಚ್ಚಾಗಿ ಮೈಯ ಹಲವು ಭಾಗಗಳಲ್ಲಿ ಉಳಿದಿದ್ದರೆ, ಜೊತೆಗೆ ದಣಿವು, ನಿದ್ದೆಯಿಂದ ಹಗುರವಾಗದಿರುವುದು, ಮರೆವು ಇದ್ದರೆ ಅದು ಫೈಬ್ರೊಮಯಾಲ್ಜಿಯ ಇರಬಹುದು. ಅದಕ್ಕೆ ರಕ್ತ ಪರೀಕ್ಷೆಯಿಲ್ಲ, ಕೇಳಿ, ನೋಡಿ, ಮುಟ್ಟಿ ತಿಳಿಯಬೇಕು.

ದವಡೆಗೆ ಮಾಡಬೇಕಾದದ್ದು ನಿಮ್ಮ ಕೈಯಲ್ಲೇ ಇದೆ. ಆರೋಗ್ಯವಂತರ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಊಟ, ನುಂಗುವಿಕೆ ಎಲ್ಲ ಸೇರಿ ಇಡೀ ದಿನದಲ್ಲಿ ಒಂದಕ್ಕೊಂದು ತಗಲುವುದು ಅರ್ಧ ಗಂಟೆಯಷ್ಟೂ ಅಲ್ಲ. ಉಳಿದ ಹೊತ್ತು ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ನೀವೋ ನೋಟ್‌ಬುಕ್ಕಿನ ಕಟ್ಟು ತಿದ್ದುವಾಗ, ಬೋರ್ಡಿನ ಮೇಲೆ ಬರೆಯುವಾಗ, ಸಿಟ್ಟು ನುಂಗಿಕೊಳ್ಳುವಾಗ ಹಲ್ಲು ಕಚ್ಚಿಕೊಂಡಿರುತ್ತೀರಿ ಎಂದು ನನಗೆ ಬಲವಾದ ಸಂಶಯ. ಪೀರಿಯಡ್ ಗಂಟೆ ಹೊಡೆದಾಗಲೆಲ್ಲ ಒಮ್ಮೆ ಗಮನಿಸಿ: ಹಲ್ಲು ತಗಲಿವೆಯೇ? ತಗಲಿದ್ದರೆ ‘ಲ’ ಎಂದು ಹೇಳಲು ಹೊರಟಂತೆ ನಾಲಗೆಯ ತುದಿಯನ್ನು ಮೇಲಿನ ಮುಂಭಾಗದ ಹಲ್ಲುಗಳ ಹಿಂದಿನ ಏರಿಗೆ ಮುಟ್ಟಿಸಿ ಅಲ್ಲೇ ಇಡಿ. ದವಡೆ ತಾನಾಗಿ ಸಡಿಲಗೊಳ್ಳುತ್ತದೆ. ಹಾಗೆ ನಾಲಗೆಯನ್ನು ಇಟ್ಟುಕೊಂಡೇ, ನೋವಾಗದಷ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚುವುದನ್ನು ಆರು ಬಾರಿ ಮಾಡಿ, ಇದನ್ನು ದಿನಕ್ಕೆ ಆರು ಸಲ ಮಾಡಿ. ಸಂಜೆ ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಟವೆಲನ್ನು ಕೆನ್ನೆಯ ಮೇಲೆ ಹದಿನೈದು ನಿಮಿಷ ಇಟ್ಟುಕೊಳ್ಳಿ. ತರಗತಿಯಲ್ಲಿ ಗಂಟಲೆತ್ತಿ ಕೂಗುವ ಬದಲು ಶಾಲೆಯಲ್ಲಿ ಸಣ್ಣ ಮೈಕ್ ಕೊಡಿಸಿಕೊಳ್ಳಲು ಸಾಧ್ಯವೇ ನೋಡಿ.

ದೀರ್ಘಕಾಲದ ದವಡೆ ನೋವಿಗೆ ಯಾವ ಚಿಕಿತ್ಸೆ ಉಪಯುಕ್ತ ಎಂದು ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು 2023ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಅದು ಬಲವಾಗಿ ಶಿಫಾರಸು ಮಾಡಿದ್ದು ಇಂಥ ಸರಳ ಸಂಗತಿಗಳನ್ನೇ: ರೋಗಿಗೆ ತಿಳಿವಳಿಕೆ, ಮನೆಯಲ್ಲಿ ಮಾಡುವ ವ್ಯಾಯಾಮ, ಫಿಸಿಯೊಥೆರಪಿಸ್ಟ್ ಕೈಯಿಂದ ಕೀಲನ್ನೂ ಸ್ನಾಯುವನ್ನೂ ಸಡಿಲಿಸುವುದು, ಮೈಯ ಭಂಗಿಯನ್ನು ತಿದ್ದುವ ವ್ಯಾಯಾಮ, ಮತ್ತು ನೋವಿನ ಬಗೆಗಿನ ನಮ್ಮ ಯೋಚನೆ-ವರ್ತನೆಗಳನ್ನು ಬದಲಿಸುವ ಸಿಬಿಟಿ ಎಂಬ ಆಪ್ತಸಮಾಲೋಚನೆ. ಮೆತ್ತೆಯನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಮತ್ತು ಕಚ್ಚುವಿಕೆಯನ್ನು ಶಾಶ್ವತವಾಗಿ ಬದಲಿಸುವ ಸಾಧನಗಳು ಬೇಡವೆಂದು ಅದು ಅಷ್ಟೇ ಬಲವಾಗಿ ಹೇಳಿದೆ. ರಾತ್ರಿ ಹಲ್ಲಿನ ಮೇಲೆ ಹಾಕುವ, ತೆಗೆದಿಡಬಹುದಾದ ಗಾರ್ಡ್ ಬಗ್ಗೆ ಅದಕ್ಕೆ ಉತ್ಸಾಹವಿಲ್ಲ. ಹಲ್ಲು ಕಡಿದು ಸವೆಯುತ್ತಿದ್ದರೆ ಹಲ್ಲನ್ನು ಉಳಿಸಲು ಗಟ್ಟಿ ಗಾರ್ಡ್ ಹಾಕಿಸಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಅದು ನೋವಿನ ಔಷಧವಲ್ಲ.

ಮೈನೋವಿಗೆ ವ್ಯಾಯಾಮಕ್ಕಿಂತ ಒಳ್ಳೆಯ ಮದ್ದು ಇನ್ನೂ ಸಿಕ್ಕಿಲ್ಲ. ದಿನಕ್ಕೆ ಐದು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೆ ಒಂದೆರಡು ನಿಮಿಷ ಮಾತ್ರ ಹೆಚ್ಚಿಸಿ. ವೈದ್ಯರು ರಾತ್ರಿ ಹೊತ್ತಿಗೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಬರೆಯಬಹುದು. ಅದರ ಚೀಟಿಯಲ್ಲಿ ಖಿನ್ನತೆಯ ಔಷಧ ಎಂದು ಓದಿ ‘ನನಗೂ ಹುಚ್ಚೆಂದು ತೀರ್ಮಾನಿಸಿದರು’ ಎಂದು ಅಳುತ್ತ ಬಂದವರನ್ನು ನೋಡಿದ್ದೇನೆ. ನೋವಿಗೆ ಕೊಡುವ ಪ್ರಮಾಣ ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ. ಅದು ನೋವಿನ ದಾರಿಯನ್ನು ತಗ್ಗಿಸಿ ನಿದ್ದೆಯನ್ನು ಗಟ್ಟಿಮಾಡುತ್ತದೆ. ಮೊದಲ ದಿನಗಳಲ್ಲಿ ಬಾಯಿ ಒಣಗುವುದು, ಬೆಳಗ್ಗೆ ಮಂಪರು ಇರುತ್ತದೆ. ಮೆಡಿಕಲ್ ಅಂಗಡಿಯಿಂದ ನೀವೇ ಕೊಂಡು ನುಂಗುವ ಪೇನ್ ಕಿಲ್ಲರ್ ಮಾತ್ರ ತಿಂಗಳುಗಟ್ಟಲೆ ಬೇಡ, ಹೊಟ್ಟೆಯೂ ಕಿಡ್ನಿಯೂ ಅದಕ್ಕೆ ಬೆಲೆ ತೆರುತ್ತವೆ.

ಶಸ್ತ್ರಚಿಕಿತ್ಸೆಗೆ ಆತುರಪಡಬಾರದು ಎಂಬುದಕ್ಕೆ ಒಂದು ಹಳೆಯ ಪಾಠವಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಟೆಫ್ಲಾನ್ ಪದರದ ಕೃತಕ ಮೆತ್ತೆಗಳನ್ನು ಸಾವಿರಾರು ರೋಗಿಗಳ ದವಡೆಯ ಕೀಲಿನಲ್ಲಿ ಇಟ್ಟರು. ಅವು ಚೂರಾಗಿ, ಸುತ್ತಲಿನ ಮೂಳೆಯೇ ಕರಗತೊಡಗಿದಾಗ 1990ರ ಸುಮಾರಿಗೆ ಅವನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಸ್ವತಃ ರೋಗಿಯಾಗಿದ್ದ ಟೆರಿ ಕೌಲಿ 1986ರಲ್ಲಿ ಕಟ್ಟಿದ ರೋಗಿಗಳ ಸಂಘ ಅಂಥವರ ಪರವಾಗಿ ವರ್ಷಗಟ್ಟಲೆ ದನಿ ಎತ್ತಿತು. 2020ರಲ್ಲಿ ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳು ಈ ವಿಷಯದಲ್ಲಿ ದೊಡ್ಡ ವರದಿಯನ್ನೇ ಹೊರತಂದು, ದಂತವೈದ್ಯರು ಒಂದು ಕಡೆ, ಉಳಿದ ವೈದ್ಯರು ಇನ್ನೊಂದು ಕಡೆ ನಿಂತಿರುವುದರಿಂದ ರೋಗಿ ಇಬ್ಬರ ನಡುವೆ ಕಳೆದುಹೋಗುತ್ತಾನೆ ಎಂಬ ದೋಷವನ್ನು ಎತ್ತಿ ತೋರಿಸಿದವು. ನಿಮ್ಮ ಮೂರು ವರ್ಷದ ಕಥೆಯೂ ಅದೇ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಬಾಯಿ, ದವಡೆಯ ಕಾಯಿಲೆಗಳನ್ನು ನೋಡುವ ಓರಲ್ ಮೆಡಿಸಿನ್ ಎಂಬ ವಿಭಾಗವಿರುತ್ತದೆ. ನಿಮ್ಮ ಊರಿನಲ್ಲೇ ಅಂಥ ಕಾಲೇಜುಗಳಿವೆ. ಖಾಸಗಿ ಕ್ಲಿನಿಕ್ಕಿನ ಬದಲು ಅಲ್ಲಿಂದ ಹೊಸದಾಗಿ ಆರಂಭಿಸಿ.

ಪ್ರಶ್ನೆ: ನನಗೆ 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊಟ ಮಾಡುವಾಗ ಎಡದವಡೆ ‘ಟಕ್ ಟಕ್’ ಎನ್ನುತ್ತದೆ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ. ಎಂಆರ್‌ಐ ಮಾಡಿಸಲೇ?

ಉತ್ತರ: ಬೇಡ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಭಾಗದ ಹಲ್ಲುಗಳ ನಡುವೆ ತೂರಿಸಲು ಸಾಧ್ಯವಾದರೆ, ನೋವಿಲ್ಲದಿದ್ದರೆ, ಶಬ್ದಕ್ಕೆ ಚಿಕಿತ್ಸೆ ಬೇಕಿಲ್ಲ. ಸ್ನೇಹಿತರಿಗೆ ಕೇಳಿಸಲೆಂದು ಬೇಕೆಂದೇ ಟಕ್ ಎನಿಸುವ ಅಭ್ಯಾಸವಿದ್ದರೆ ಬಿಡಿ. ಒಂದು ದಿನ ಶಬ್ದ ಇದ್ದಕ್ಕಿದ್ದಂತೆ ನಿಂತು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾದರೆ ಮಾತ್ರ ತಡಮಾಡದೆ ಬನ್ನಿ. ಸರಿದ ಮೆತ್ತೆ ಹಿಂತಿರುಗದೆ ಸಿಕ್ಕಿಕೊಂಡಿರಬಹುದು.

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ, ಊರು ಶಿರಸಿಯ ಬಳಿ. ಒಂದು ವರ್ಷದಿಂದ ಬಾಯಿ ಸರಿಯಾಗಿ ತೆರೆಯಲು ಆಗುವುದಿಲ್ಲ, ಎರಡು ಬೆರಳೂ ಹೋಗುವುದಿಲ್ಲ. ಸಾರಿನ ಖಾರ ತಾಗಿದರೆ ಬಾಯಿ ಉರಿಯುತ್ತದೆ. ದವಡೆಯ ಕೀಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇವೆ. ಕವಳದ (ಎಲೆಯಡಿಕೆಯ) ಅಭ್ಯಾಸವಿದೆ, ಗುಟ್ಕಾ ಬಿಟ್ಟು ಈಗ ಬರೀ ಅಡಿಕೆ ಹಾಕುತ್ತಾನೆ.

ಉತ್ತರ: ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಈ ವಾರವೇ ಅವರನ್ನು ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಇದು ಕೀಲಿನ ತೊಂದರೆಯಂತೆ ಕಾಣುವುದಿಲ್ಲ. ಅಡಿಕೆಯ ಅಂಶಗಳಿಂದ ಕೆನ್ನೆಯ ಒಳಪದರ ನಾರುಗಟ್ಟಿ, ಬಿಳಿಚಿಕೊಂಡು, ಚರ್ಮದ ಪಟ್ಟಿಯಂತೆ ಬಿಗಿಯುವ ಕಾಯಿಲೆಯಿದು. ವೈದ್ಯರು ಕೆನ್ನೆಯೊಳಗೆ ಬೆರಳಾಡಿಸಿದರೆ ಆ ಪಟ್ಟಿಗಳು ಕೈಗೆ ಸಿಗುತ್ತವೆ. ಇಂಥವರಲ್ಲಿ ಕೆಲವರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುತ್ತದೆ. ಗುಟ್ಕಾ ಬಿಟ್ಟು ಬರೀ ಅಡಿಕೆ ಹಾಕಿದರೆ ತೊಂದರೆಯಿಲ್ಲ ಎಂಬುದು ಸರಿಯಲ್ಲ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ಪ್ರಕಟಣೆ ಹೇಳಿದೆ. ಅಡಿಕೆ ಸುಲಿದ ಹಣದಲ್ಲೇ ಓದಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಬೇಕು. ಬಿಡಲು ಕಷ್ಟವಾದರೆ ತಂಬಾಕು ತ್ಯಜಿಸುವವರಿಗಾಗಿ ಇರುವ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಮೂರು ವಾರದಿಂದ ರೊಟ್ಟಿ ಅಗಿಯಲು ಶುರುಮಾಡಿದ ಎರಡು ನಿಮಿಷಕ್ಕೆ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಬಾಚಣಿಗೆ ತಾಗಿದರೂ ತಲೆ ನೋಯುತ್ತದೆ ಎನ್ನುತ್ತಾರೆ. ಹಲ್ಲಿನ ಸೆಟ್ ಬದಲಾಯಿಸಬೇಕೇ? (ಬೆಳಗಾವಿಯಿಂದ)

ಉತ್ತರ: ಈ ಪತ್ರಕ್ಕೆ ಮುದ್ರಣದವರೆಗೆ ಕಾಯದೆ ಕಚೇರಿಯಿಂದ ಕರೆ ಮಾಡಿಸಿ ಅದೇ ದಿನ ಆಸ್ಪತ್ರೆಗೆ ಹೋಗಲು ತಿಳಿಸಿದ್ದೇವೆ. ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. 50 ದಾಟಿದವರಲ್ಲಿ ಹೊಸದಾಗಿ ಹೀಗೆ ಅಗಿದಾಗ ಮಾತ್ರ ದವಡೆ ಸೋಲುವುದು, ನೆತ್ತಿ ನೋಯುವುದು, ಕಣ್ಣು ಮಂಜಾಗುವುದು ಕಂಡರೆ ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ನಮ್ಮಲ್ಲಿ ಇದು ಅಪರೂಪ. ಆದರೆ ತಡವಾದರೆ ಕಣ್ಣೇ ಹೋಗಬಹುದು. ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆಗಳಿಂದ ಸುಳಿವು ಸಿಗುತ್ತದೆ. ಅನುಮಾನ ಬಲವಾಗಿದ್ದರೆ ವೈದ್ಯರು ಉಳಿದ ಪರೀಕ್ಷೆಗೆ ಕಾಯದೆ ಸ್ಟಿರಾಯ್ಡ್ ಶುರುಮಾಡುತ್ತಾರೆ. ಹಾಗೆಯೇ ಮೆಟ್ಟಿಲು ಹತ್ತಿದಾಗ ಅಥವಾ ಬೆವರಿನೊಂದಿಗೆ ಬರುವ ದವಡೆ ನೋವು ಹೃದಯದ್ದಿರಬಹುದು. ಅದಕ್ಕೆ ಮೊದಲು ಇಸಿಜಿ, ಆಮೇಲೆ ಹಲ್ಲಿನ ಮಾತು.

ಪ್ರಶ್ನೆ: ನನ್ನ ಹೆಂಡತಿಗೆ ದವಡೆಯ ಕೀಲಿನ ನೋವು, ಫೈಬ್ರೊಮಯಾಲ್ಜಿಯ ಎರಡೂ ಇವೆ ಎಂದು ಹೇಳಿದ್ದಾರೆ. ವ್ಯಾಯಾಮ, ಮಾತ್ರೆ ನಡೆಯುತ್ತಿವೆ. ಎರಡು ವರ್ಷದಿಂದ ಗಂಜಿ, ಮೊಸರನ್ನ ಬಿಟ್ಟರೆ ಏನೂ ತಿನ್ನುವುದಿಲ್ಲ, ಎಂಟು ಕಿಲೊ ಇಳಿದಿದ್ದಾಳೆ. ನೋವು ಕಡಿಮೆಯಿದ್ದ ದಿನ ಮನೆಯನ್ನೆಲ್ಲ ತೊಳೆದು ಬಳಿದು ಮಾಡುತ್ತಾಳೆ, ಮರುದಿನದಿಂದ ಮೂರು ದಿನ ಹಾಸಿಗೆ. ಮದುವೆ, ಮುಂಜಿಗೆ ಬರುವುದನ್ನೇ ಬಿಟ್ಟಿದ್ದಾಳೆ. ನಾನು ಏನು ಮಾಡಬೇಕೆಂದು ತಿಳಿಯದು. (ಮಂಡ್ಯದಿಂದ)

ಉತ್ತರ: ಗಂಡಂದಿರಿಂದ ಬಂದ ಪತ್ರ ಇದೊಂದೇ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಮೆತ್ತನೆಯ ಊಟ ನೋವು ಕೆರಳಿದ ಒಂದೆರಡು ವಾರಕ್ಕೆ ಸರಿ, ಎರಡು ವರ್ಷಕ್ಕಲ್ಲ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಸ್ವಲ್ಪ ಅಗಿದರೂ ನೋಯುತ್ತದೆ. ಗಂಜಿಯಲ್ಲಿ ಪ್ರೋಟೀನೂ ಸಾಲದು. ಅದೃಷ್ಟಕ್ಕೆ ನಿಮ್ಮ ಊರಿನ ಊಟವೇ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಮಂಡ್ಯದವರಿಗೆ ನಾನು ಕಲಿಸಬೇಕಾಗಿಲ್ಲ. ಬಿಸಿ ಮುದ್ದೆಗೆ ಚೆನ್ನಾಗಿ ಬೆಂದ ಕಾಳಿನ ಬಸ್ಸಾರು, ಮಸೆದ ಸೊಪ್ಪು, ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಕೊಡಿ. ಅದು ಹಿಡಿಸಿದ ಮೇಲೆ ಎರಡು ವಾರಕ್ಕೊಮ್ಮೆ ಒಂದು ಹೊಸ ಪದಾರ್ಥ: ಮೊದಲು ಮೆತ್ತನೆಯ ಚಪಾತಿ ಸಣ್ಣ ಚೂರುಗಳಲ್ಲಿ, ಆಮೇಲೆ ಬೆಂದ ತರಕಾರಿ, ಆಮೇಲೆ ತೆಳ್ಳಗೆ ಹೆಚ್ಚಿದ ಸೇಬು. ಎರಡೂ ಕಡೆಯಿಂದ ಅಗಿಯಲಿ. ಚಕ್ಕುಲಿ, ನಿಪ್ಪಟ್ಟು, ಹುರಿಗಾಳು ಸದ್ಯಕ್ಕೆ ಬೇಡ. ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲಿ ಸಿಗಿಯುವುದಂತೂ ಎಂದಿಗೂ ಬೇಡ, ಬೇಕಾದರೆ ಕಬ್ಬಿನ ಹಾಲು ಕುಡಿಯಲಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡುವ ಅಭ್ಯಾಸ ಮಾಡಿಸಿ.

ಒಳ್ಳೆಯ ದಿನ ಮನೆ ತೊಳೆದು ಮೂರು ದಿನ ಮಲಗುವುದು ಈ ಕಾಯಿಲೆಯ ಬಹುತೇಕ ಎಲ್ಲರಲ್ಲೂ ಕಾಣುವ ಬಲೆ. ನೋವು ಕಡಿಮೆಯಿದ್ದ ದಿನ ಮಾಡಬಹುದಾದಷ್ಟನ್ನು ಮಾಡದೆ, ನೋವು ಹೆಚ್ಚಿದ್ದ ದಿನವೂ ಮಾಡಬಲ್ಲಷ್ಟನ್ನು ಮಾತ್ರ ಎರಡೂ ದಿನ ಮಾಡಬೇಕು. ಹೇಳಲು ಸುಲಭ, ಪಾಲಿಸಲು ಕಷ್ಟ. ಕೊಳೆಯಾದ ನೆಲ ಕಣ್ಣಿಗೆ ಕುಕ್ಕುತ್ತಿದ್ದರೆ ಯಾವ ಗೃಹಿಣಿಯೂ ಸುಮ್ಮನೆ ಕೂರಲಾರಳು. ಫೋನಿನಲ್ಲಿ 15 ನಿಮಿಷಕ್ಕೆ ಅಲಾರಂ ಇಡಿ. ಅದು ಹೊಡೆದಾಗ ಕೆಲಸ ಅರ್ಧಕ್ಕೆ ನಿಂತಿದ್ದರೂ ಅವರು ಕೂರಬೇಕು. ಉಳಿದರ್ಧವನ್ನು ನೀವು ಮಾಡಿ, ಆದರೆ ಮಾಡಿದೆ ಎಂದು ಹೇಳಿಕೊಳ್ಳಬೇಡಿ. ‘ನೋವು ಹೇಗಿದೆ’ ಎಂದು ಗಂಟೆಗೊಮ್ಮೆ ಕೇಳುವುದರಿಂದ ಅವರ ಗಮನವೆಲ್ಲ ನೋವಿನ ಮೇಲೇ ನಿಲ್ಲುತ್ತದೆ. ಕೇಳುವುದಾದರೆ ಇವತ್ತು ಎಷ್ಟು ದೂರ ನಡೆದೆ ಎಂದು ಕೇಳಿ. ಮುಟ್ಟಿದರೂ ನೋಯುವ ದಿನಗಳು ಬರುತ್ತವೆ, ಅದನ್ನು ತಿರಸ್ಕಾರವೆಂದು ತಿಳಿಯಬೇಡಿ. ಮನಸ್ಸು ಕುಸಿದಾಗ ಇಬ್ಬರಲ್ಲಿ ಯಾರು ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮದುವೆಗೆ ಕರೆದುಕೊಂಡು ಹೋಗಿ. ಮುಹೂರ್ತಕ್ಕೆ ಸರಿಯಾಗಿ ಹೋಗಿ, ಗಟ್ಟಿ ಸ್ಪೀಕರಿನಿಂದ ದೂರ ಕೂರಿಸಿ. ಗದ್ದಲದಲ್ಲಿ ಕೂಗಿ ಮಾತನಾಡುವುದೇ ದವಡೆಗೆ ಊಟಕ್ಕಿಂತ ಹೆಚ್ಚು ದಣಿವು. ಊಟದ ಪಂಕ್ತಿಯ ತುದಿಯಲ್ಲಿ ಅವರ ಪಕ್ಕಕ್ಕೇ ಕುಳಿತು, ಎಲೆಗೆ ಬಿದ್ದ ಚಿರೋಟಿ, ಹಪ್ಪಳ, ವಡೆಯನ್ನು ನಿಮ್ಮ ಎಲೆಗೆ ಹಾಕಿಕೊಳ್ಳಿ, ಪಾಯಸವನ್ನು ಎರಡು ಸಲ ಬಡಿಸಲು ಹೇಳಿ.